ಸೈಲೆನ್ಸರಿಗೆ ಬಿಗಿದ ತವರಿನ ಕೊಡ

ಇಂದ,
ಭೀಮಶಿ, ಪ್ಯಾಸೆಂಜರ್ ಟೆಂಪೋ ಮಾಲೀಕ ಹಾಗೂ ಚಾಲಕ,
ಬೈಲಹೊಂಗಲ.

ಗೆ,
ಶ್ರೀಮತಿ ಸತ್ಯವ್ವ, ಸದರಿ ಭೀಮಶಿಯ ಹೆಂಡತಿ,
ಹಾಲಿ ಮುಕ್ಕಾಂ: ತವರುಮನೆ, ಯರಗಟ್ಟಿ.

ವಿಷಯ: ಸೈಲೆನ್ಸರಿನ ಬಿಸಿಯಿಂದ ಕರೆಂಟು ತೆಗೆಯುವ ಕಾಮಗಾರಿಗಾಗಿ ತಮ್ಮ ತಾಮ್ರದ ಕೊಡವನ್ನು ಪೂರ್ವಾನುಮತಿಯಿಲ್ಲದೆ ಕತ್ತರಿಸಿದ್ದನ್ನು ಮಾಫಿ ಮಾಡಿ ಮನೆಗೆ ಮರಳುವ ಕುರಿತು.

ಉಲ್ಲೇಖ: ದಿ. 14-03-2004ರಂದು ಬಸ್ ನಿಲ್ದಾಣದಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: “ಆ ಸೈಲೆನ್ಸರ್ ಜೋಡೀನ ಸಂಸಾರ ಮಾಡ್ರಿ.”

ಮಾನ್ಯರೂ ಮನೆಯವರೂ ಆದ ಸತ್ಯವ್ವನವರೇ,

ಅರ್ಜಿದಾರನು ಕೈಮುಗಿದು ನಿವೇದಿಸಿಕೊಳ್ಳುವುದೇನೆಂದರೆ:

1. ಧಾರವಾಡದ ಗುಜರಿಯಲ್ಲಿ, ಕಾರಿನ ತಂಪು ಪೆಟ್ಟಿಗೆಯಿಂದ ಕಳಚಿದ, ಬಿಸ್ಕೀಟಿನಷ್ಟಗಲದ ಬಿಳಿ ಬಿಲ್ಲೆಗಳು ಅರ್ಜಿದಾರನಿಗೆ ಸಿಕ್ಕವು. ಒಂದು ಮೈ ಬಿಸಿ, ಇನ್ನೊಂದು ಮೈ ತಂಪಾಗಿದ್ದರೆ ಅವುಗಳ ತಂತಿಯಲ್ಲಿ ಕರೆಂಟು ಹರಿಯುತ್ತದೆಂದು ರೇಡಿಯೋ ರಿಪೇರಿಯ ಅಮೋಘಸಿದ್ದಪ್ಪ ತಿಳಿಸಿದರು. ಬಿಸಿಗೆ ಟೆಂಪೋದ ಸೈಲೆನ್ಸರ್ ಇತ್ತು; ಬಿಲ್ಲೆಗಳನ್ನು ಅದಕ್ಕೇ ಬಿಗಿದದ್ದಾಯಿತು. ತಂಪಿಗೆಂದು ಒದ್ದೆ ಗೋಣಿಚೀಲ ಸುತ್ತಲಾಗಿ, ಊರು ದಾಟುವುದರೊಳಗೆ ಅದು ಹೊಗೆಯಾಡಿ, ಪ್ಯಾಸೆಂಜರುಗಳು ಗಾಡಿಯಿಂದ ಕೆಳಗೆ ಹಾರಿಕೊಂಡರು.

2. ಕಾರಣ, ಗಾಳಿಗೆ ಬೇಗ ಆರುವ ತಾಮ್ರದ ತಗಡು ಬೇಕಾಯಿತು. ಸದರಿ ತಾಮ್ರವು ಅಡುಗೆಮನೆಯಲ್ಲಿ ಕೊಡದ ರೂಪದಲ್ಲಿ ಲಭ್ಯವಿತ್ತು. ಅದು ಮದುವೆಯಲ್ಲಿ ತಮ್ಮ ತಾಯಿ ಶಟ್ಟೆವ್ವನವರು ಕೊಟ್ಟದ್ದೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. “ಸತ್ಯವ್ವಗ ಅವ್ವನ ಕಾಣಿಕಿ” ಎಂದು ಅದರ ಮೇಲೆ ಚುಕ್ಕಿಯಲ್ಲಿ ಹೊಡೆಸಿತ್ತು. ಆ ಅಕ್ಷರಗಳಿಗೆ ಕತ್ತರಿ ತಾಗದಂತೆ ಕತ್ತರಿಸಿ, ತಮ್ಮ ಹೆಸರನ್ನು ತಂಪಿನ ಬದಿಗೇ, ಗಾಳಿಗೆ ಮುಖಮಾಡಿ ಕೂರಿಸಿದ್ದನ್ನು ತಾವು ಗಮನಿಸದೆ ಹೋದದ್ದು ವಿಷಾದನೀಯ.

3. ಆದ್ದರಿಂದ ದೀಪ ಹತ್ತಿತು. ಒಂದು. ಬೆರಳತುದಿಯಷ್ಟು ಬಲ್ಬು. ಕುಣಿದಾಡುತ್ತ ಕರೆದಾಗ ತಾವು ಬಂದು ನೋಡಿ, “ನಮ್ಮವ್ವನ ಕೊಡಾ ಕೊಯ್ದು ಇಷ್ಟ ಬೆಳಕ ಮಾಡೀರಿ? ಇದರಾಗ ನಿಮ್ಮ ಮಾರಿನೂ ಕಾಣವಲ್ದು” ಎಂದಿರಿ. ಅರ್ಜಿದಾರನು, “ಗಾಡಿ ಓಡಿದ್ರ ಇನ್ನಷ್ಟ ಬೆಳಗತೈತಿ, ಬಾ, ಕುಂಡ್ರು” ಎಂದನು. ತಾವು ಟಿಕೀಟು ತೆಗೆಸಿ ಬಸ್ಸಿನಲ್ಲಿ ಹೋದಿರಿ. ಟೆಂಪೋ ಇಟ್ಟುಕೊಂಡವನ ಹೆಂಡತಿ ಬಸ್ಸು ಹತ್ತಿದ್ದನ್ನು ನಿಲ್ದಾಣವೆಲ್ಲ ನೋಡಿದೆ.

4. ಅರ್ಜಿದಾರನು ದಿನಕ್ಕೆರಡು ಸಲ ಯರಗಟ್ಟಿಗೆ ಪ್ಯಾಸೆಂಜರ್ ಒಯ್ಯುತ್ತಾನೆ. ತಮ್ಮ ಬಾಗಿಲೆದುರು ಗಾಡಿ ನಿಧಾನ ಮಾಡಿದರೆ, ಗಾಳಿ ಸಾಲದೆ ತಗಡೂ ಕಾದು, ಎರಡೂ ಮೈ ಬಿಸಿಯಾಗಿ ದೀಪ ಆರುತ್ತದೆ. ಜೋರಾಗಿ ಹೋದರೆ ದೀಪ ಉರಿಯುತ್ತದೆ, ತಾವು ಕಾಣುವುದಿಲ್ಲ. ಹೋದ ವಾರದಿಂದ ಅರ್ಜಿದಾರನು ನಿಧಾನವಾಗಿಯೇ ಹೋಗುತ್ತಿದ್ದಾನೆ.

5. ರೊಟ್ಟಿಯ ಸಲುವಾಗಿ ಈ ಅರ್ಜಿಯಲ್ಲ. ರೊಟ್ಟಿಯನ್ನು ನೆರೆಮನೆಯ ಬಾಯವ್ವ ಕೊಡುತ್ತಾರೆ. ತಾವಿಲ್ಲದ ಮನೆಯೊಳಗೆ ಕಾಲಿಡಲು ಮನಸ್ಸಾಗುವುದಿಲ್ಲ. ಅಷ್ಟೇ.

ಕಾರಣ, ಕೇಳದೆ ಕೊಡ ಕೊಯ್ದದ್ದು ತಪ್ಪೆಂದು ಈ ಮೂಲಕ ಬರೆದುಕೊಟ್ಟಿರುವುದರಿಂದ, ತಾವು ದಯಮಾಡಿ ಮರಳಬೇಕೆಂದು ಪ್ರಾರ್ಥನೆ. ನಾಳೆ ಎಂಟಕ್ಕೆ ಟೆಂಪೋ ಬಾಗಿಲಿಗೆ ಬರುತ್ತದೆ. ಮುಂದಿನ ಸೀಟಿಗೆ ಯಾರನ್ನೂ ಹತ್ತಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಯೂ ಗಂಡನೂ ಆದ,
ಭೀಮಶಿ

ಲಗತ್ತು:
ಕೊಡದ ಕಂಠ ಮತ್ತು ತಳ, ಅಸಲು.
ಅಮೋಘಸಿದ್ದಪ್ಪನವರಿಂದ ದೀಪ ಹತ್ತಿದ್ದರ ಬಗ್ಗೆ ದೃಢೀಕರಣ.

ವಿ.ಸೂ.: ಬಿಲ್ಲೆಗಳು ಇನ್ನೂ ನಾಲ್ಕು ಉಳಿದಿವೆ. ಅತ್ತೆಯವರ ಹತ್ತಿರ ಇಂಥದೇ ಇನ್ನೊಂದು ಕೊಡ ಇರುವುದಾಗಿ ತಿಳಿದುಬಂದಿದೆ. ಈ ಸಲ ಕೇಳಿಯೇ ಕತ್ತರಿಸಲಾಗುವುದು. ಬರುವಾಗ ತರುವುದು.