ತೂಬಿನೊಳಗಿನ ಘಟಸರ್ಪ

ಹೇಳಿಬಿಡಲೇ? ಹೇಳಿದರೆ ಬಡ್ತಿ ಹೋಗುತ್ತದೆ. ಹೇಳದಿದ್ದರೆ ಕೆರೆ ಹೋಗುತ್ತದೆ.

ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಂಚೀರಪ್ಪ ಕೆರೆ ಏರಿಯ ಕೆಳಗೆ ನಿಂತು ಹೀಗೆ ತೊಳಲಾಡುತ್ತಿದ್ದ ಕಾಲಕ್ಕೆ ಒಂದು ರಾಜ್ಯವಿತ್ತು. ಕಾಲ ಬಹಳ ಹಿಂದಿನದು, ಓದುಗರು ನಿಶ್ಚಿಂತೆಯಿಂದಿರಬಹುದು.

ಅಲ್ಲಿನ ದೊರೆ ಶ್ರೀಮನ್ಮಹಾರಾಜ ವಿಕಟವರ್ಮರಿಗೆ ಮಾಯಾಲೋಕದ ಕಥೆಗಳೆಂದರೆ ಪ್ರಾಣ. ಆ ಕಥೆಗಳಲ್ಲಿ ಯಾರೂ ಕೆಲಸ ಕಲಿತು ಮೇಲೆ ಬರುವುದಿಲ್ಲ. ಘಟಸರ್ಪವನ್ನು ಕೊಂದು ಬರುತ್ತಾರೆ. ಅದರಂತೆ ಆಜ್ಞೆ ಹೊರಟಿತು: ಬಡ್ತಿ ಬಯಸುವವರು ಘಟಸರ್ಪ ಸಂಹಾರದ ದೃಢೀಕರಣ ಪತ್ರವನ್ನು ಲಗತ್ತಿಸತಕ್ಕದ್ದು. ಸಾಕ್ಷಿ ಹಾಕಿದವರಿಗೂ ಒಂದು ಮೆಟ್ಟಿಲು ಬಡ್ತಿ. ರಾಜ್ಯದಲ್ಲಿ ಘಟಸರ್ಪಗಳಿರಲಿಲ್ಲ. ಕೌಶಲ್ಯ ತರಬೇತಿ ಶಿಬಿರದಲ್ಲಿ ಸೋರೆಕಾಯಿಗೆ ಈಟಿ ಚುಚ್ಚಿಸುತ್ತಿದ್ದರು.

ಆಗ ಕೆಂಚೀರಪ್ಪ ಒಂದು ಅರ್ಜಿ ಬರೆದ: ತೂಬಿನೊಳಗೆ ಬುಸ್ ಎನ್ನುತ್ತಿದೆ, ದಯಮಾಡಿ ನೋಡಬೇಕು.

ಮರುದಿನವೇ ರಾಜರ ಭಾವಮೈದುನ ಚಂಡಕೇತು ಈಟಿ ಹಿಡಿದು, ದಾಖಲೆ ಬರೆಯಲು ಒಬ್ಬ ಕರಣಿಕನನ್ನೂ ಕರೆದುಕೊಂಡು ಬಂದ. ಅವನಿಗೆ ಜಲಮಂತ್ರಿಯಾಗಬೇಕಿತ್ತು. ತೂಬಿಗೆ ಕಿವಿ ಹಚ್ಚಿ, "ಬುಸುಗುಡ್ತಾ ಇದೆ," ಎಂದ.

"ಒಂದು ವಾರದಿಂದ ಸ್ವಾಮಿ. ಗಾರೆ ಕಿತ್ತು..."

"ಎಷ್ಟುದ್ದ ಇರಬಹುದಯ್ಯ?"

"ಬಿರುಕಾ ಸ್ವಾಮಿ? ಒಂದು ಮೊಳ."

"ಹೆಡೆಯೇ ಒಂದು ಮೊಳ," ಎಂದು ಕರಣಿಕ ಬರೆದುಕೊಂಡ. "ಪ್ರಭುಗಳ ಪರಾಕ್ರಮಕ್ಕೆ ತಕ್ಕದ್ದೇ ಸಿಕ್ಕಿದೆ."

"ನಿನ್ನ ಸರ್ವೀಸು ಎಷ್ಟಯ್ಯ?" ಎಂದ ಚಂಡಕೇತು.

"ಇಪ್ಪತ್ತೆರಡು ವರ್ಷ ಸ್ವಾಮಿ."

"ಒಂದನ್ನೂ ಕೊಂದಿಲ್ಲ. ಕಲಿಯೋ ಆಸಕ್ತಿ ಸಾಲದು. ಇರಲಿ, ಸಾಕ್ಷಿ ಹಾಕು. ನಾಳೆಯಿಂದ ನೀನು ಹಿರಿಯ ನೀರುಗಂಟಿ."

ಈ ಕಥೆ ಶುರುವಾದದ್ದು ಇದೇ ಗಳಿಗೆಯಲ್ಲಿ. ಹಬ್ಬಕ್ಕೆ ಬಂದಾಗಲೆಲ್ಲ ಹೆಂಡತಿಯ ತಮ್ಮ, "ಏನ್ ಭಾವ, ಇನ್ನೂ ಅದೇ ಹುದ್ದೇನಾ?" ಎಂದು ಕೇಳುವುದು ಕೆಂಚೀರಪ್ಪನಿಗೆ ನೆನಪಾಯಿತು. ಹೆಬ್ಬೆಟ್ಟು ಒತ್ತದೆ, ನೀಟಾಗಿ ಸಹಿ ಮಾಡಿದ.

ಚಂಡಕೇತು ಮೂರು ಸಲ ತಿವಿದ. ಮೂರನೆಯದಕ್ಕೆ ತೂಬು ಒಡೆಯಿತು. ಏರಿಯ ಮೇಲೆ ಓಡುತ್ತಲೇ ಕರಣಿಕ, "ಘಟಸರ್ಪದ ರಕ್ತಕ್ಕೆ ಬಣ್ಣವಿಲ್ಲ," ಎಂದು ದಾಖಲಿಸಿದ.

ಕೆಳಗಿನ ಮೂರು ಊರುಗಳ ಗದ್ದೆ ಕೊಚ್ಚಿಹೋಯಿತು. ಚಂಡಕೇತುವಿಗೆ ಸರ್ಪಾಂತಕ ಎಂಬ ಬಿರುದೂ ಜಲಮಂತ್ರಿ ಪದವಿಯೂ ದೊರೆತವು. ಗದ್ದೆ ಕಳೆದುಕೊಂಡವರೇ ಮಣ್ಣು ಹೊತ್ತು ಏರಿ ಕಟ್ಟಬೇಕೆಂದೂ, ಅದನ್ನು ಅವರ ಕಲಿಕೆಯ ಮೊದಲ ಹಂತವೆಂದು ಪರಿಗಣಿಸಲಾಗುವುದೆಂದೂ ಮಹಾರಾಜರು ಅಪ್ಪಣೆ ಕೊಡಿಸಿದರು.

ಮೆರವಣಿಗೆಯಲ್ಲಿ ಹಿರಿಯ ನೀರುಗಂಟಿ ಕೊಡೆ ಹಿಡಿದು ನಡೆದ. ದಾರಿಯುದ್ದಕ್ಕೂ ಮಣ್ಣಿನ ಮಂಕರಿ ಹೊತ್ತವರು ಅವನ ಮುಖ ನೋಡಿದರು. ತೂಬಿನೊಳಗೆ ಇದ್ದದ್ದು ನೀರು ಎಂದು ಅವನು ಯಾರಿಗೂ ಹೇಳಲಿಲ್ಲ.