ಹಂಸಿನಿಯ ಕಿವಿಯಲ್ಲಿ ಸರ್ವರ್ ಡೌನ್

ಸುಸ್ತು ಎನ್ನುವುದು ನಮ್ಮ ಕಡೆ ಕಾಯಿಲೆಯಲ್ಲ, ಕುಶಲ ಸಮಾಚಾರ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಯಾರನ್ನಾದರೂ "ಚೆನ್ನಾಗಿದ್ದೀರಾ" ಎಂದು ಕೇಳಿ ನೋಡಿ. "ಏನೋ ಹಿಂಗಿದ್ದೀವಿ ನೋಡಮ್ಮ, ಒಂದೇ ಸುಸ್ತು" ಎಂದವರು ಆರೋಗ್ಯವಾಗಿದ್ದಾರೆ. "ಚೆನ್ನಾಗಿದ್ದೀನಿ" ಎಂದು ಥಟ್ಟನೆ ಹೇಳಿದರೆ ಮಾತ್ರ ಅವರ ಮನೆಯವರಿಗೆ ಫೋನ್ ಮಾಡುವುದು ಒಳ್ಳೆಯದು. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದು, ದಿನಾ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದು ಕೆಲಸ ಮಾಡುವ ನನಗೆ, ಸುಸ್ತಿಗೂ ಒಂದು ಇಂಗ್ಲಿಷ್ ಹೆಸರಿದೆ, ಅದಕ್ಕೆ ಲಕ್ಷಣಗಳಿವೆ, ಅದನ್ನು ತಿಳಿಸಲು ಒಬ್ಬ ಡಾಕ್ಟರು ಬರುತ್ತಾರೆ ಎಂದಾಗ ನಗು ಬಂದದ್ದು ತಪ್ಪಲ್ಲ. ಆ ನಗು ಎಲ್ಲಿಗೆ ಬಂದು ನಿಂತಿತು ಎನ್ನುವುದನ್ನು ಮಾತ್ರ ಕೇಳಿ.

ನನ್ನದು ಕೌಂಟರ್ ಕೆಲಸ. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ನೀವೂ ಒಂದು ಅರ್ಜಿ ಹಿಡಿದುಕೊಂಡು ಬರುತ್ತೀರಿ. ಗಾಜಿನಲ್ಲಿ ಅರ್ಧಚಂದ್ರದಂಥ ಒಂದು ಕಿಂಡಿ, ಕಿಂಡಿಯ ಈಚೆ ನಾನು, ಆಚೆ ಇಡೀ ಜಿಲ್ಲೆ. ಬಾಗೇಪಲ್ಲಿ ಕಡೆಯವರು ತೆಲುಗಿನಲ್ಲಿ ಬೈಯುತ್ತಾರೆ, ಗೌರಿಬಿದನೂರಿನವರು ಎರಡೂ ಭಾಷೆಯಲ್ಲಿ ಬೈಯುತ್ತಾರೆ. ನನಗೆ ಎರಡೂ ಬರುತ್ತವೆ, ಅದೇ ಕಷ್ಟ. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು, "ಸರ್ವರ್ ಡೌನ್ ಇದೆ, ನಾಳೆ ಬನ್ನಿ." ಈ ಮಾತನ್ನು ಹೇಳಲು ನನಗೆ ಈಗ ಬಾಯಿ ಬಿಟ್ಟರೆ ಬೇರೇನೂ ಬೇಕಿಲ್ಲ.

ಡಾಕ್ಟರಮ್ಮ ನಮ್ಮ ಕಚೇರಿಗೆ ಬಂದದ್ದು ಒತ್ತಡ ನಿರ್ವಹಣೆಯ ತರಬೇತಿಗೆ. ಅವರು ಪಾಪ ಚೆನ್ನಾಗಿಯೇ ಹೇಳಿದರು. ರಾತ್ರಿಯಿಡೀ ಮಲಗಿದರೂ ಆಯಾಸ ಹೋಗುವುದಿಲ್ಲ, ಎದುರಿಗೆ ಬಂದವರೆಲ್ಲ ತೊಂದರೆ ಕೊಡಲೆಂದೇ ಹುಟ್ಟಿದವರಂತೆ ಕಾಣುತ್ತಾರೆ, ಕೆಲಸ ನಾವು ಮಾಡುತ್ತಿದ್ದೇವೋ ಬೇರೆ ಯಾರೋ ಮಾಡುತ್ತಿದ್ದಾರೋ ತಿಳಿಯುವುದಿಲ್ಲ, ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ ಎಂದರು. ನನ್ನ ಪಕ್ಕದ ಕೌಂಟರಿನ ಶೋಭಾ ಎದ್ದು ನಿಂತು, "ಮೇಡಂ, ನಮ್ಮಲ್ಲಿ ಇದಕ್ಕೆ ಸೋಮವಾರ ಅಂತಾರೆ" ಎಂದಳು. ಎಲ್ಲರೂ ನಕ್ಕರು. ನಾನು ನಗುತ್ತಲೇ ಸುತ್ತ ಕಣ್ಣಾಡಿಸಿ ಯಾರ್‍ಯಾರಿಗೆ ಬರ್ನ್‌ಔಟ್ ಆಗಿದೆ ಎಂದು ಗುರುತು ಮಾಡಿಕೊಂಡೆ. ಶೋಭಾಗೆ ಆಗಿತ್ತು. ನಮ್ಮ ಮೇಲಧಿಕಾರಿಗೆ ಹುಟ್ಟುವಾಗಲೇ ಆಗಿತ್ತು. ನನಗೊಬ್ಬಳಿಗೆ ಆಗಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳಿದ್ದಾರಲ್ಲ, ನನ್ನ ಬೆನ್ನು ಕುರ್ಚಿಗೆ ಅಂಟಿಕೊಂಡಿದ್ದರಿಂದ ಬೇರೆಯವರಿಗೂ ಕಾಣುತ್ತಿರಲಿಲ್ಲ.

ಹಾಗೆ ನೋಡಿದರೆ ಮನೆಯಲ್ಲಿ ಸೂಚನೆಗಳು ಸಿಕ್ಕಿದ್ದವು. ಒಂದು ಸಂಜೆ ಯಜಮಾನರೂ ಮಗಳೂ ಒಟ್ಟಿಗೆ ಅಡುಗೆಮನೆಗೆ ಬಂದಾಗ ನಾನು ಒಲೆಯ ಮುಂದಿನಿಂದ ತಿರುಗದೆಯೇ, "ಗುಂಪು ಕಟ್ಟಬೇಡಿ, ಒಬ್ಬೊಬ್ಬರೇ ಬನ್ನಿ" ಎಂದೆನಂತೆ. ಅವರು ನಿಜವಾಗಿಯೂ ಒಬ್ಬರ ಹಿಂದೆ ಒಬ್ಬರು ನಿಂತು ಕಾಫಿ ತೆಗೆದುಕೊಂಡು ಹೋದರು. ಇನ್ನೊಂದು ದಿನ ಮಗಳು ದೋಸೆ ಕೇಳಿದಾಗ ಒರಿಜಿನಲ್ ತಂದಿದ್ದೀಯಾ ಎಂದು ಕೇಳಿದ್ದೆ. ಅವಳು ಅದನ್ನು ತಮಾಷೆ ಎಂದುಕೊಂಡಳು. ನಾನೂ ತಮಾಷೆ ಎಂದುಕೊಂಡೆ. ಸಂಸಾರದಲ್ಲಿ ಇದೊಂದು ಅನುಕೂಲ, ಏನು ಕೆಟ್ಟರೂ ತಮಾಷೆ ಎಂದುಕೊಂಡು ಸ್ವಲ್ಪ ದಿನ ದೂಡಬಹುದು.

ಇಷ್ಟರಲ್ಲಿ ನನ್ನ ತವರು ದಿಬ್ಬೂರಹಳ್ಳಿಯಲ್ಲಿರುವ ತಮ್ಮ ಮಂಜುವಿಗೆ ಹೆಣ್ಣುಮಗು ಹುಟ್ಟಿತು. ಎಷ್ಟೋ ಹರಕೆ, ಎಷ್ಟೋ ಆಸ್ಪತ್ರೆ ಆದ ಮೇಲೆ ಹುಟ್ಟಿದ ಮಗು. ನಾದಿನಿ ಪವಿತ್ರ ಆಸ್ಪತ್ರೆಯ ಮಂಚದ ಮೇಲಿಂದಲೇ, "ಅಕ್ಕ, ಹೆಸರು ನೀವೇ ಆರಿಸಬೇಕು, ಕಿವಿಯಲ್ಲಿ ನೀವೇ ಹೇಳಬೇಕು" ಎಂದಿದ್ದಳು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ನಮ್ಮಲ್ಲಿ ಸೋದರತ್ತೆಯ ಹಕ್ಕು. ಇರುವವಳು ನಾನೊಬ್ಬಳೇ ಸೋದರತ್ತೆ. ಆಸೆಯಿಂದ ಹುಡುಕಿ, ಎಲ್ಲರನ್ನೂ ಕೇಳಿ, ಹಂಸಿನಿ ಎಂದು ಆರಿಸಿದೆ. ಅದನ್ನು ಬಸ್ಸಿನಲ್ಲಿ ಕೂತು ಬಾಯಲ್ಲೇ ಹೇಳಿಕೊಂಡು ಖುಷಿ ಪಡುತ್ತಿದ್ದೆ. ಇಡೀ ವರ್ಷದಲ್ಲಿ ನಾನು ಇಷ್ಟಪಟ್ಟು ಕಾದ ದಿನ ಅದೊಂದೇ.

ನಾಮಕರಣದ ದಿನ ತಮ್ಮನ ಮನೆಯ ಮುಂದೆ ಶಾಮಿಯಾನ, ಶಾಮಿಯಾನದ ಬಾಡಿಗೆಯ ಜೊತೆ ಮೈಕ್ ಪುಕ್ಕಟೆ. ಪುಕ್ಕಟೆ ಬಂದದ್ದನ್ನು ಬಳಸದೆ ಬಿಡುವ ವಂಶ ನಮ್ಮದಲ್ಲ. ಚಿಂತಾಮಣಿಯಿಂದ ಬಂದಿದ್ದ ವಿಡಿಯೋದವನು, ಅತ್ತೆ ಹೆಸರು ಹೇಳುವ ಸದ್ದು ಚೆನ್ನಾಗಿ ಬರಲಿ ಎಂದು ಪುರೋಹಿತರ ಮೈಕನ್ನು ತೊಟ್ಟಿಲ ಅಂಚಿಗೇ ಕಟ್ಟಿದ. ಪುರೋಹಿತರು, "ಬಾಮ್ಮ ಸೋದರತ್ತೆ, ಹೇಳು, ಇನ್ನೇನು ರಾಹುಕಾಲ ಬಂದುಬಿಡುತ್ತೆ" ಎಂದರು. ನೆಂಟರೆಲ್ಲ ತೊಟ್ಟಿಲ ಸುತ್ತ ಮುಗಿಬಿದ್ದರು. ನಾನು ಬಗ್ಗಿದೆ. ಎರಡು ಸೀರೆ ಸೇರಿಸಿ ಕಟ್ಟಿದ್ದ ತೊಟ್ಟಿಲಿನ ಬಾಯಿ, ಅದರೊಳಗೆ ಒಂದು ಮುಖ, ಆ ಮುಖ ನನ್ನನ್ನೇ ನೋಡುತ್ತಿದೆ, ಸುತ್ತ ಜನ ನೂಕುತ್ತಿದ್ದಾರೆ. ನನ್ನ ಬಾಯಿ ತಾನಾಗಿ ತೆರೆದು, ಸ್ಪಷ್ಟವಾಗಿ, ಮೈಕಿನಲ್ಲಿ ಹೇಳಿತು:

"ಸರ್ವರ್ ಡೌನ್ ಇದೆ, ನಾಳೆ ಬನ್ನಿ."

ಶಾಮಿಯಾನದಲ್ಲಿ ಯಾರೂ ನಗಲಿಲ್ಲ. ಅದು ನನಗೆ ಮೊದಲ ಆಘಾತ. ಎರಡನೆಯದು ಇನ್ನೂ ದೊಡ್ಡದು. ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮನ ಪಕ್ಕದ ಮನೆಯ ಪಿಳ್ಳಾಂಜಿನಪ್ಪ, ನಮ್ಮ ಕಚೇರಿಗೆ ಎಷ್ಟೋ ಸಲ ಬಂದು ವಾಪಸ್ಸಾದ ಹಿರಿಯರು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. "ಇವತ್ತೂ ಆಗಲ್ವಂತೆ, ನಡಿಯೇ" ಎಂದು ಹೆಂಡತಿಗೆ ಹೇಳಿದರು. ಅವರ ಜೊತೆ ಇನ್ನೂ ಕೆಲವರು ಚೀಲ ಎತ್ತಿಕೊಂಡರು. ಊಟದ ಎಲೆ ಹಾಕಿಲ್ಲ ಎನ್ನುವುದು ನೆನಪಾಗಿ ಮತ್ತೆ ಕೂತರು. ಒಂದು ಮಾತಿಗೆ ಜನ ಇಷ್ಟು ಒಗ್ಗಿಹೋಗುವಷ್ಟು ಸಲ ಅದನ್ನು ನಾನು ಹೇಳಿದ್ದೇನೆಯೇ ಎಂದು ಅಲ್ಲೇ ಲೆಕ್ಕ ಹಾಕತೊಡಗಿದೆ.

"ಪರವಾಗಿಲ್ಲ, ಇನ್ನೂ ಹೊತ್ತಿದೆ, ಮತ್ತೆ ಹೇಳಮ್ಮ" ಎಂದರು ಪುರೋಹಿತರು. ನಾನು ಮತ್ತೆ ಬಗ್ಗಿದೆ. ಹೆಸರು ಬರಲಿಲ್ಲ. ನಾನೇ ಆರಿಸಿದ ಹೆಸರು, ಬಸ್ಸಿನಲ್ಲಿ ಜಪ ಮಾಡಿದ ಹೆಸರು, ಎಲ್ಲಿ ಹುಡುಕಿದರೂ ಇಲ್ಲ. ಯಾವ ಅರ್ಜಿಗೆ ಯಾವ ದಾಖಲೆ ಬೇಕೆನ್ನುವುದು ಸಾಲಾಗಿ ನೆನಪಿಗೆ ಬಂತು. ಬೆಳಗ್ಗೆ ಕಿಂಡಿಯಲ್ಲಿ ಕೈ ಹಾಕುವವರ ಬಳೆಗಳು ನೆನಪಾದವು. ತಮ್ಮನ ಮಗಳ ಹೆಸರು ಮಾತ್ರ ಇಲ್ಲ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಮಗುವಿನ ಮುಖವೇ ಕಾಣದಾಯಿತು. ಪವಿತ್ರಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳು ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನನ್ನ ಕಿವಿಯ ಹತ್ತಿರ ಬಂದು, "ಹಂಸಿನಿ ಅಕ್ಕ, ಹಂಸಿನಿ, ಹಂಸಿನಿ" ಎಂದಳು. ಹೀಗೆ ಆ ದಿನ ಮೊದಲು ನಾಮಕರಣವಾದದ್ದು ನನಗೆ. ಆಮೇಲೆ ನಾನು ಮಗುವಿಗೆ ಹೇಳಿದೆ.

ಊಟಕ್ಕೆ ಕೂತಾಗ ಎಲೆಯ ಮೇಲೆ ಒಬ್ಬಟ್ಟು ಹಾಗೇ ಇತ್ತು. ಒಬ್ಬಟ್ಟು ಬಿಡುವವಳಲ್ಲ ನಾನು. ನಮ್ಮಜ್ಜಿ ದೂರದಿಂದಲೇ ನೋಡಿ, "ಏಮ್ಮಾ, ತಿನ್ನಲ್ವಾ? ತಲೆ ಎತ್ಕೊಂಡು ಸುಮ್ನೆ ಕೂತಿದ್ದೀಯಲ್ಲ" ಎಂದಳು. ಅಷ್ಟು ಹೇಳಿ ಅವಳು ಪಾಯಸದ ಕಡೆ ಹೋದಳು. ನನಗೆ ಮಾತ್ರ ತಲೆಯ ಮೇಲೆ ಯಾರೋ ಮೊಟಕಿದಂತಾಯಿತು. ನಾನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಅದಕ್ಕೆ ಯಾರೂ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲ್ಲಾಡಿಸುವುದಿಲ್ಲ. ಅಪ್ಪ ಆ ದಿನಗಳಲ್ಲಿ ಹುಳು ಮನೆಯ ಹತ್ತಿರ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ಆ ಹೊತ್ತಿಗೆ ಬಲವಂತ ಮಾಡಿದರೆ ಬೆಳೆಯೇ ಕೆಡುತ್ತದೆ ಎಂದು ನನಗೆ ಲಂಗ ಹಾಕುವ ವಯಸ್ಸಿನಿಂದ ಗೊತ್ತು. ಹುಳುವಿನ ವಿಷಯದಲ್ಲಿ ಗೊತ್ತಿತ್ತು, ಅಷ್ಟೇ.

ಅಲ್ಲಿಂದಲೇ ರಜೆ ಹಾಕಿದೆ. ಮೇಲಧಿಕಾರಿ ಕಾರಣ ಕೇಳಿದರು. ಜ್ವರ ಎಂದೆ. ಎಷ್ಟಿದೆ ಎಂದರು. ಥರ್ಮಾಮೀಟರಿಗೆ ಸಿಗುವಂಥದ್ದಲ್ಲ ಸರ್, ಎಂದು ಹೇಳಿ ಫೋನ್ ಇಟ್ಟೆ. ನಂತರ ಆ ಡಾಕ್ಟರಮ್ಮನ ಬಳಿಗೂ ಹೋದೆ. ಅವರು ನನ್ನನ್ನು ಗುರುತು ಹಿಡಿದು, ತರಬೇತಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ನೀವಲ್ಲವೇ ಎಂದರು. ಜೋರಾಗಿ ನಗುವವರನ್ನೇ ಅವರು ನೋಡಿಕೊಂಡಿರುತ್ತಾರಂತೆ. ತವರಿನಲ್ಲಿ ಉಳಿದ ದಿನಗಳಲ್ಲಿ ನಿದ್ದೆ ಮಾಡಿದೆ, ಎದ್ದಾಗ ಹಂಸಿನಿಯನ್ನು ಎತ್ತಿಕೊಂಡೆ. ಊರಿನವರು ಅವಳಿಗೆ ಸರ್ವರಮ್ಮ ಎಂದು ಹೆಸರಿಟ್ಟುಬಿಟ್ಟಿದ್ದರು. ಪವಿತ್ರ ಬೇಸರ ಮಾಡಿಕೊಳ್ಳಲಿಲ್ಲ, ಗ್ರಾಮದೇವತೆಯ ಹೆಸರಿನ ಹಾಗಿದೆ ಎಂದಳು.

ರಜೆ ಮುಗಿಸಿ ಕೌಂಟರಿಗೆ ಮರಳಿದ ದಿನ ಕಿಂಡಿಯಲ್ಲಿ ಮೊದಲು ಕಂಡದ್ದು ಪಿಳ್ಳಾಂಜಿನಪ್ಪನವರ ಟವೆಲ್. "ಏನಮ್ಮ, ಸರಿ ಹೋಯ್ತಾ?" ಎಂದರು. ಹೋಗಿದೆ ಅಣ್ಣಯ್ಯ, ಬೆಳಗ್ಗೆಯಿಂದ ಸರ್ವರ್ ಓಡ್ತಾ ಇದೆ, ಅರ್ಜಿ ಕೊಡಿ, ಎಂದೆ.

"ನಾನು ಅದನ್ನ ಕೇಳಲಿಲ್ಲ ಕಣಮ್ಮ" ಎಂದರು ಅವರು.

ಚೆನ್ನಾಗಿದ್ದೀನಿ ಎಂದರೆ ಅವರು ನಮ್ಮ ಮನೆಗೆ ಫೋನ್ ಮಾಡಿಯಾರು. "ನನ್ನದೂ ಬಂದಿದೆ ಅಣ್ಣಯ್ಯ, ಆದ್ರೆ ಇನ್ನೂ ಸ್ಲೋ ಇದೆ" ಎಂದೆ. ಅವರು ತಲೆಯಾಡಿಸಿ, ಅರ್ಜಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಟವೆಲ್ ಹಾಸಿ ಎದುರಿನ ಬೆಂಚಿನ ಮೇಲೆ ಕೂತರು.

"ನಿಧಾನಕ್ಕೆ ಆಗ್ಲಿ. ನನಗೆ ಕಾದು ಅಭ್ಯಾಸ ಇದೆ."