ಜೆಪ್ಪುವಿನಲ್ಲಿ ಬಾವಿ ಒಂದೋ ಮೂರೋ ಎಂದು ನೋಡಲು ಅನುಮತಿ ಕೋರಿ

ಮಂಗಳೂರು, 21 ಸೆಪ್ಟೆಂಬರ್ 1936

ಇಂದ:
ಮೊರಿಸ್ ಲೋಬೊ, ಬಾವಿಗೆ ಮದ್ದು ಹಾಕುವವನು, ಜೆಪ್ಪು ವಾರ್ಡು

ಗೆ:
ನಕ್ಷೆ ಕಪಾಟಿನ ಮೇಲಧಿಕಾರಿಗಳು

ವಿಷಯ: ಸರ್ಕಾರದ ನಕ್ಷೆಯನ್ನು ಸರ್ಕಾರದ ನೌಕರನಿಗೆ ತೋರಿಸುವ ಬಗ್ಗೆ.

ಉಲ್ಲೇಖ: ಅರ್ಜಿದಾರನ ಹಿಂದಿನ ನಾಲ್ಕು ಅರ್ಜಿಗಳು ಮತ್ತು ಅವುಗಳಿಗೆ ಬಾರದ ನಾಲ್ಕು ಉತ್ತರಗಳು.

ಮಾನ್ಯರೇ,

1. ವಾಂತಿಭೇದಿ ಹರಡದಂತೆ ಜೆಪ್ಪುವಿನ ಬಾವಿಗಳಿಗೆ ನೇರಳೆ ಮದ್ದು ಹಾಕುವುದು ಸದರಿ ಅರ್ಜಿದಾರನ ಕೆಲಸ. ಬಾವಿಗಳು ಎಲ್ಲೆಲ್ಲಿವೆ ಎಂಬ ನಕ್ಷೆ ತಮ್ಮ ಕಪಾಟಿನಲ್ಲಿದೆ. ಕಪಾಟು ಸರ್ಕಾರದ್ದು, ಮದ್ದು ಸರ್ಕಾರದ್ದು, ಅರ್ಜಿದಾರನೂ ಸರ್ಕಾರದವನೇ. ಆದರೂ ನಕ್ಷೆ ಸಿಗದ ಕಾರಣ ಅವನು ಓಣಿ ಓಣಿ ಸುತ್ತಿ ಬಾವಿ ಎಣಿಸಿದನು.

2. ಮಗ್ದಲೀನ್ ಬಾಯಿ, ಬೋಜ ಪೂಜಾರಿ, ಸಾರಮ್ಮ ಈ ಮೂವರ ಹಿತ್ತಿಲುಗಳು ಕೂಡುವಲ್ಲಿ ಒಂದು ಬಾವಿ ಇದೆ. ಮೂರು ಕಂಪೌಂಡ್ ಗೋಡೆಗಳು ಅದರ ಮೇಲೆಯೇ ಬಂದು ಸೇರುತ್ತವೆ. ಪ್ರತಿ ಮನೆಗೂ ಬೇರೆ ರಾಟೆ, ಬೇರೆ ಓಣಿ. ಅರ್ಜಿದಾರ ಮೊದಲ ಓಣಿಯಿಂದ ಹೋಗಿ ಮದ್ದು ಹಾಕಿದನು. ಎರಡನೆಯ ಓಣಿಯಿಂದ ಹೋದಾಗ ನೀರು ನೇರಳೆ ಕಂಡಿತು. ಕೆಲವು ಕಡೆ ನೀರಿನ ಬಣ್ಣವೇ ಹಾಗಿರಬಹುದೆಂದು ಮದ್ದು ಹಾಕಿದನು. ಮೂರನೆಯದಕ್ಕೆ ಬಂದಾಗ ಅವನಿಗೆ ಅಭ್ಯಾಸವಾಗಿಹೋಗಿತ್ತು. ಕಾರಣ, ದಾಖಲೆ ಪುಸ್ತಕದಲ್ಲಿ "ಬಾವಿ ಮೂರು" ಎಂದು ನಮೂದಾಯಿತು.

3. ಮರುದಿನ ತೆನೆ ಹಬ್ಬ. ಆ ನೀರಿನಲ್ಲಿ ಅಕ್ಕಿ ರುಬ್ಬಿ ಹಬೆಗಿಟ್ಟ ಮಗ್ದಲೀನ್ ಬಾಯಿಯವರ ಸಾನ್ನಾಗಳೆಲ್ಲ ನೇರಳೆಯಾಗಿ ಎದ್ದವು. ಅದು ತಪಸ್ಸುಕಾಲದಲ್ಲಿ ಪಾದ್ರಿಗಳು ತೊಡುವ ಶೋಕದ ಬಣ್ಣವಾದ್ದರಿಂದ, ಹಬ್ಬಕ್ಕೆ ಬಂದ ನೆಂಟರು ಯಾರು ತೀರಿಹೋದದ್ದೆಂದು ಕೇಳಿದರು.

4. ಸದರಿ ಬಾಯಿಯವರ ಮಗಳು ಡಾಲಿಗೂ ಅರ್ಜಿದಾರನಿಗೂ ಬರುವ ತಿಂಗಳು ಮದುವೆ ನಿಶ್ಚಯವಾಗಿದೆ. ಎರಡನೆಯ ಸಲ ಮದ್ದು ಹಾಕಬೇಕಾದದ್ದೂ ಮದುವೆಯ ವಾರವೇ. ಬಾವಿ ಒಂದೇ ಎಂದು ಅರ್ಜಿದಾರನಿಗೆ ಈಗ ಚೆನ್ನಾಗಿ ಗೊತ್ತು. ಆದರೆ ಪುಸ್ತಕದಲ್ಲಿ ಮೂರು ಇರುವ ಕಾರಣ ಮೂರು ಸಲ ಹಾಕಲೇಬೇಕು. ನಕ್ಷೆ ನೋಡದೆ ಪುಸ್ತಕ ತಿದ್ದುವಂತಿಲ್ಲ. ಬಾಯಿಯವರು ಹೇಳಿದ್ದು ಇಷ್ಟೇ: "ನಕ್ಷೆ ನೋಡಿ ಪುಸ್ತಕ ಸರಿ ಮಾಡಿಕೊಂಡು ಬಾ. ಇಲ್ಲದಿದ್ರೆ ಮದುವೆ ಇಲ್ಲ."

ಅರ್ಜಿದಾರನಿಗೆ ಡಾಲಿಯ ಮೇಲೆ ತುಂಬಾ ಪ್ರೀತಿ. ಇದಕ್ಕೆ ನಮೂನೆಯಲ್ಲಿ ಅಂಕಣವಿಲ್ಲದ ಕಾರಣ ಇಲ್ಲೇ ಬರೆದಿದೆ.

5. ತಮ್ಮ ಗುಮಾಸ್ತರಾದ ಚಿತ್ತರಂಜನ ರಾಯರು ನಿಯಮ ಓದಿ ಹೇಳಿದರು. ಜಾಗದ ಒಡೆಯರಾಗಲಿ ಅವರ ಮನೆಯವರಾಗಲಿ ಬಂದರೆ ನಕ್ಷೆಯನ್ನು ಅಂದೇ ತೋರಿಸಬಹುದು. ಇನ್ನೊಂದು ಸರ್ಕಾರಿ ಕಚೇರಿಯವರು ಬಂದರೆ ಏನು ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ. ಬಳಿಕ ಕನಿಕರಪಟ್ಟು, "ಆ ಮನೆಯ ಅಳಿಯ ಆಗಿ ಬನ್ನಿ ಮಾರಾಯ್ರೇ, ಕೂಡ್ಲೇ ತೋರಿಸ್ತೇನೆ" ಎಂದರು.

6. ಅಳಿಯನಾಗದೆ ನಕ್ಷೆ ಇಲ್ಲ. ನಕ್ಷೆ ಇಲ್ಲದೆ ಅಳಿಯನಾಗುವಂತಿಲ್ಲ. ಜಾಗದ ಒಡೆಯರಾದ ಬಾಯಿಯವರೇ ಬಂದು ನಕ್ಷೆ ನೋಡಬಹುದಲ್ಲ ಎಂದು ಕೇಳಿದ್ದಕ್ಕೆ, "ಎಣಿಸಲು ತಪ್ಪಿದವನು ನೀನು, ಕಚೇರಿಯ ಮೆಟ್ಟಿಲು ಹತ್ತುವವಳು ನಾನಾ?" ಎಂದು ತಿರುಗಿ ಕೇಳಿದರು.

ಆದ್ದರಿಂದ, ಮದುವೆಗೆ ಮುಂಚಿತವಾಗಿ, ಕಚೇರಿಯ ವೇಳೆಯಲ್ಲಿ, ಒಂದೇ ಒಂದು ಗಂಟೆಯ ಮಟ್ಟಿಗೆ ಅರ್ಜಿದಾರನನ್ನು ಸದರಿ ಮನೆಯ ತಾತ್ಕಾಲಿಕ ಅಳಿಯನೆಂದು ಪರಿಗಣಿಸಿ ನಕ್ಷೆ ತೋರಿಸಬೇಕಾಗಿ ಕೋರಿಕೆ. ಗಂಟೆ ಮುಗಿದ ಕೂಡಲೇ ಅವನು ಮೊದಲಿನಂತೆ ಪರಕೀಯನಾಗಿ ಹೊರಗೆ ಹೋಗತಕ್ಕದ್ದು.

ಹನ್ನೆರಡು ದಿನಗಳಿಂದ ತಮ್ಮ ವರಾಂಡದ ಬೆಂಚಿನಲ್ಲಿ ಕೂತಿರುವ ವಿಶ್ವಾಸಿ,
ಮೊರಿಸ್ ಲೋಬೊ

ಲಗತ್ತುಗಳು:
ಅ) ದಾಖಲೆ ಪುಸ್ತಕದ ನಕಲು.
ಆ) ನೇರಳೆ ಸಾನ್ನಾ, ಒಂದು, ಒಣಗಿಸಿದ್ದು.
ಇ) ತಾತ್ಕಾಲಿಕ ಪತ್ನಿಯಾಗಲು ಡಾಲಿಯ ಒಪ್ಪಿಗೆ ಪತ್ರ.

ವಿ.ಸೂ.: ಒಪ್ಪಿಗೆ ಪತ್ರದ ಕೆಳಗೆ ಡಾಲಿ ಹೀಗೆ ಬರೆದಿದ್ದಾಳೆ: "ಒಂದು ಗಂಟೆ ಸಾಲದು, ಎರಡು ಕೇಳಿ. ನಿಮಗೆ ಎಣಿಸ್ಲಿಕ್ಕೆ ಹೊತ್ತು ಬೇಕು." ಕಾರಣ, ಮೇಲಿನ ಕೋರಿಕೆಯನ್ನು ಎರಡು ಗಂಟೆ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.